ತಮ್ಮನ ಲಿಥಿಯಂ ಮಾತ್ರೆ, ನಮ್ಮ ಕಡೆಯ ಬಿಸಿಲು: ಅನುಭವ ಇದ್ದವರು ದಯವಿಟ್ಟು ಹೇಳಿ

ಸಿಂಧನೂರಿನ ಶಿಕ್ಷಕಿ:

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮನಿಗೆ ಮೂವತ್ತೊಂದು ವರ್ಷ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದಲ್ಲಿ ನಮ್ಮ ನಾಲ್ಕು ಎಕರೆ ಭತ್ತದ ಗದ್ದೆಯನ್ನು ಅವನೇ ನೋಡಿಕೊಳ್ಳುತ್ತಾನೆ. ಅವನಿಗೆ ಬೈಪೋಲಾರ್ ಕಾಯಿಲೆ (ಕೆಲ ಕಾಲ ಖಿನ್ನತೆ, ಕೆಲ ಕಾಲ ಅತಿ ಹುರುಪಿನ ಉನ್ಮಾದ) ಇದೆ ಎಂದು ಗೊತ್ತಾಗಿ ಎರಡು ವರ್ಷವಾಯಿತು. ಅದಕ್ಕೂ ಹಿಂದಿನ ಐದು ವರ್ಷ ನಾವು ಅದಕ್ಕೆ ಇಟ್ಟ ಹೆಸರುಗಳೇ ಬೇರೆ: ಸೋಮಾರಿತನ, ಗಾಳಿ ಸೋಕು, ಸಾಡೇಸಾತಿ, ಕೊನೆಗೆ ಬರಿಯ ಖಿನ್ನತೆ.

ಖಿನ್ನತೆ ಎಂದದ್ದು ಸುಳ್ಳಲ್ಲ. ಆ ವರ್ಷ ನಾಟಿ ಮುಗಿದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದವನು ಎರಡು ತಿಂಗಳು ಏಳಲಿಲ್ಲ. ಅವ್ವ ಬೆಳಿಗ್ಗೆ ತಂದಿಟ್ಟ ರೊಟ್ಟಿ ಸಂಜೆಯ ಹೊತ್ತಿಗೆ ಸೆಟೆದುಕೊಂಡು ತಟ್ಟೆಯಲ್ಲೇ ಇರುತ್ತಿತ್ತು. ಖಾಸಗಿ ವೈದ್ಯರೊಬ್ಬರು ಖಿನ್ನತೆಯ ಮಾತ್ರೆ ಬರೆದುಕೊಟ್ಟರು. ಮೂರನೆಯ ವಾರ ಎದ್ದು ಕುಳಿತ, ನಾಲ್ಕನೆಯ ವಾರ ಗದ್ದೆಗೆ ಹೋದ. ನಾವು ಹುಲಿಗೆಮ್ಮನಿಗೆ ಹರಕೆ ತೀರಿಸಿ ಬಂದೆವು.

ಆಗ ನಮ್ಮ ಪಾಲಿನ ನೀರಿನ ಸರದಿ ರಾತ್ರಿ ಬಂದಿತ್ತು. ಅವನು ರಾತ್ರಿಯೆಲ್ಲ ನಿಂತು ನೀರು ಹಾಯಿಸಿ, ಬೆಳಿಗ್ಗೆ ಮಲಗದೆ ಪೇಟೆಗೆ ಹೊರಡುತ್ತಿದ್ದ. ಒಂಬತ್ತು ದಿನ ಹೀಗೇ ನಡೆಯಿತು. ಆಯಾಸ ಎಂಬುದೇ ಇಲ್ಲ, ಮಾತಿಗೆ ತಡೆಯೇ ಇಲ್ಲ. ಅಕ್ಕಿ ಗಿರಣಿ ಹಾಕುತ್ತೇನೆ ಎಂದ. ಭತ್ತ ಕೊಯ್ಯುವ ಯಂತ್ರಕ್ಕೆ ಮುಂಗಡ ಕೊಟ್ಟು ಬಂದ. ಅದಕ್ಕಾಗಿ ಅವ್ವನ ಬೋರಮಾಳವನ್ನು ಒತ್ತೆ ಇಟ್ಟದ್ದು ನಮಗೆ ತಿಳಿದದ್ದು ಆಮೇಲೆ. ಹೇಳಲು ಸಂಕಟವಾಗುತ್ತದೆ, ಆ ಒಂಬತ್ತು ದಿನ ನಾವೆಲ್ಲ ಸಂತೋಷಪಟ್ಟಿದ್ದೆವು. ಹುಡುಗ ಕೊನೆಗೂ ದಾರಿಗೆ ಬಂದ ಎಂದು ಅಪ್ಪ ಊರೆಲ್ಲ ಹೇಳಿಕೊಂಡು ಬಂದರು.

ಹತ್ತನೆಯ ದಿನ ತೂಬಿನ ಹತ್ತಿರ ಯಾರೊಂದಿಗೋ ಜಗಳವಾಡಿ ತಲೆಗೆ ಪೆಟ್ಟು ಮಾಡಿಕೊಂಡ. ದೊಡ್ಡ ಆಸ್ಪತ್ರೆಗೆ ಸೇರಿಸಿದಾಗ ಅಲ್ಲಿನ ಕಿರಿಯ ವೈದ್ಯೆ ಕೇಳಿದ ಮೊದಲ ಪ್ರಶ್ನೆ ಇದು: "ಇದಕ್ಕೂ ಮುಂಚೆ ಯಾವಾಗಲಾದರೂ ನಿದ್ದೆಯೇ ಇಲ್ಲದೆ ಇಷ್ಟು ಹುರುಪಿನಿಂದ ಓಡಾಡಿದ್ದರೇ?" ಓಡಾಡಿದ್ದ. ಇಪ್ಪತ್ನಾಲ್ಕನೆಯ ವಯಸ್ಸಿನಲ್ಲಿ, ಅಂಬಾಮಠದ ಜಾತ್ರೆಯ ಹೊತ್ತಿಗೆ. ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ, ನಾವೂ ಹೇಳಿರಲಿಲ್ಲ. ಅವನು ಮಲಗಿದ ದಿನಗಳನ್ನಷ್ಟೇ ಕಾಯಿಲೆಯ ಲೆಕ್ಕಕ್ಕೆ ಹಿಡಿದಿದ್ದೆವು. ಕಾಯಿಲೆ ಬೈಪೋಲಾರ್ ಆಗಿದ್ದರೆ ಬರಿಯ ಖಿನ್ನತೆಯ ಮಾತ್ರೆ ಕೆಲವೊಮ್ಮೆ ಉನ್ಮಾದವನ್ನು ಎಬ್ಬಿಸುತ್ತದೆ, ಜೊತೆಗೆ ನಿದ್ದೆಗೆಟ್ಟರೆ ಇನ್ನೂ ಬೇಗ, ಎಂದು ಅವರು ವಿವರಿಸಿದರು.

ಈ ಏರಿಳಿತ ತಡೆಯಲು ಕೊಡುವ ಲಿಥಿಯಂ ಮಾತ್ರೆ ಶುರುವಾದ ಮೇಲೆ ಹದಿನಾಲ್ಕು ತಿಂಗಳು ನೆಮ್ಮದಿಯಾಗಿದ್ದ. ಕಳೆದ ತಿಂಗಳು, ಬೇಸಿಗೆ ಬೆಳೆಯ ಕೊಯ್ಲಿನ ವೇಳೆ, ಕೈ ಜೋರಾಗಿ ನಡುಗತೊಡಗಿತು. ವಾಂತಿ, ಭೇದಿ, ನಡೆದರೆ ಓಲಾಟ, ಮಾತು ತೊದಲು. ಊರಿನಲ್ಲಿ ಕುಡಿದಿದ್ದಾನೆ ಎಂದರು. ರಕ್ತ ಪರೀಕ್ಷೆಯಲ್ಲಿ ಲಿಥಿಯಂ 1.7 ಬಂತು. ಎರಡು ದಿನ ಸಲೈನ್ ಹಾಕಿ, ಮಾತ್ರೆ ನಿಲ್ಲಿಸಿ, ಈಗ ಕಡಿಮೆ ಪ್ರಮಾಣದಲ್ಲಿ ಮತ್ತೆ ಶುರು ಮಾಡಿದ್ದಾರೆ. ಅಪ್ಪ "ಇದು ವಿಷ, ಬಿಡಿಸು" ಎನ್ನುತ್ತಿದ್ದಾರೆ. ಬಿಡಿಸಲೂ ಭಯ, ಮುಂದುವರಿಸಲೂ ಭಯ. ಮನೆಯಲ್ಲಿ ಇಂಥ ಮಾತ್ರೆ ಇರುವವರು ನಮ್ಮ ಕಡೆಯ ಬೇಸಿಗೆಯನ್ನು ಹೇಗೆ ದಾಟುತ್ತೀರಿ?

ಗಂಗಾವತಿಯ ಔಷಧ ಅಂಗಡಿಯವರು:

ಅಕ್ಕಾವರೇ, ಮೊದಲು ಒಂದು ಮಾತು. ವೈದ್ಯರನ್ನು ಕೇಳದೆ ಒಂದು ಮಾತ್ರೆಯನ್ನೂ ನಿಲ್ಲಿಸಬೇಡಿ. ಲಿಥಿಯಂ ಥಟ್ಟನೆ ನಿಲ್ಲಿಸಿದವರಲ್ಲಿ ಉನ್ಮಾದ ಮರುಕಳಿಸುವ ಅಪಾಯ ಬಹಳ.

ಲಿಥಿಯಂ ಮಾತ್ರೆಯಲ್ಲಿರುವುದು ಒಂದು ಲವಣ. ನಮ್ಮ ಮೂತ್ರಪಿಂಡ ಅದನ್ನು ಅಡುಗೆ ಉಪ್ಪಿನಲ್ಲಿರುವ ಸೋಡಿಯಂನ ಹಾಗೆಯೇ ನಡೆಸಿಕೊಳ್ಳುತ್ತದೆ. ಬಿಸಿಲಿನಲ್ಲಿ ದುಡಿದು ಬೆವರಿ ಮೈಯಲ್ಲಿ ನೀರು, ಉಪ್ಪು ಕಡಿಮೆಯಾದಾಗ ಮೂತ್ರಪಿಂಡ ಸೋಡಿಯಂ ಹೊರಗೆ ಹೋಗದಂತೆ ಹಿಡಿದಿಟ್ಟುಕೊಳ್ಳುತ್ತದೆ. ಅದರ ಜೊತೆಗೆ ಲಿಥಿಯಂ ಕೂಡ ಉಳಿದುಬಿಡುತ್ತದೆ. ಜನವರಿಯಲ್ಲಿ ನುಂಗಿದಷ್ಟೇ ಮಾತ್ರೆ, ಏಪ್ರಿಲ್‌ನಲ್ಲಿ ರಕ್ತದಲ್ಲಿ ಹೆಚ್ಚು. ದೀರ್ಘಕಾಲದ ಚಿಕಿತ್ಸೆಯಲ್ಲಿ ಸಾಮಾನ್ಯವಾಗಿ 0.6ರಿಂದ 1.0ರ ನಡುವೆ ಇರಲಿ ಎಂದು ನೋಡುತ್ತಾರೆ. 1.5 ದಾಟಿದರೆ ವಿಷದ ಲಕ್ಷಣಗಳು ಶುರುವಾಗುವ ಸಾಧ್ಯತೆ. ಅಂತರ ಇಷ್ಟು ಕಿರಿದು, ಅದಕ್ಕೇ ಈ ಮಾತ್ರೆಗೆ ರಕ್ತ ಪರೀಕ್ಷೆ ಬೇಕೇ ಬೇಕು. ಪರೀಕ್ಷೆಗೆ ರಕ್ತ ಕೊಡುವುದು ಹಿಂದಿನ ಮಾತ್ರೆ ತೆಗೆದುಕೊಂಡು ಹನ್ನೆರಡು ಗಂಟೆಯಾದ ಮೇಲೆ, ಬೆಳಗಿನ ಮಾತ್ರೆ ನುಂಗುವುದಕ್ಕೆ ಮುಂಚೆ. ಇದನ್ನು ಹೇಳದೆ ಕಳುಹಿಸುವವರು ಇದ್ದಾರೆ, ಆಗ ಬರುವ ಅಂಕಿಗೆ ಅರ್ಥವೇ ಇರುವುದಿಲ್ಲ. ಮೂತ್ರಪಿಂಡ ಮತ್ತು ಥೈರಾಯ್ಡ್ ಪರೀಕ್ಷೆಯೂ ಸುಮಾರು ಆರು ತಿಂಗಳಿಗೊಮ್ಮೆ ಆಗಬೇಕು. ಲಿಥಿಯಂನಿಂದ ಥೈರಾಯ್ಡ್ ಕುಗ್ಗಬಹುದು, ಥೈರಾಯ್ಡ್ ಕುಗ್ಗಿದವರು ಥೇಟ್ ಖಿನ್ನತೆ ಬಂದವರಂತೆಯೇ ಕಾಣುತ್ತಾರೆ.

ಈಗ ಎರಡು ಪ್ರಶ್ನೆ. ಕೊಯ್ಲಿನ ವೇಳೆ ತಮ್ಮನವರು ಸೊಂಟ ನೋವಿಗೆ ಏನಾದರೂ ಮಾತ್ರೆ ನುಂಗಿದ್ದರೇ? ಮನೆಯಲ್ಲಿ ಯಾರಿಗಾದರೂ ಬಿಪಿ ಎಂದು ಅಡುಗೆಯ ಉಪ್ಪನ್ನು ಕಡಿಮೆ ಮಾಡಿದ್ದೀರಾ?

ಸಿಂಧನೂರಿನ ಶಿಕ್ಷಕಿ:

ಓದಿ ಎದೆ ಝಲ್ಲೆಂದಿತು. ಎರಡೂ ನಿಜ. ಫೆಬ್ರವರಿಯಲ್ಲಿ ಅಪ್ಪನಿಗೆ ಬಿಪಿ ಎಂದು ಹೇಳಿದ ಮೇಲೆ ಅವ್ವ ಇಡೀ ಮನೆಯ ಸಾರಿಗೆ ಉಪ್ಪು ಅರ್ಧ ಮಾಡಿದ್ದಾಳೆ. ತಮ್ಮನ ಅಂಗಿ ಜೇಬಿನಲ್ಲಿ ನೋವಿನ ಮಾತ್ರೆಯ ಖಾಲಿ ಹಾಳೆ ಸಿಕ್ಕಿದೆ, ಡೈಕ್ಲೋಫೆನಾಕ್ ಎಂದು ಬರೆದಿದೆ. ಕೂಲಿಯವರೆಲ್ಲ ನುಂಗುತ್ತಿದ್ದರು, ನಾನೂ ನುಂಗಿದೆ ಎಂದ.

ಗಂಗಾವತಿಯ ಔಷಧ ಅಂಗಡಿಯವರು:

ಹಾಗಾದರೆ ಬಿಸಿಲು, ಉಪ್ಪು, ನೋವಿನ ಮಾತ್ರೆ ಮೂರೂ ಒಟ್ಟಿಗೆ ಸೇರಿವೆ. ಡೈಕ್ಲೋಫೆನಾಕ್, ಐಬುಪ್ರೊಫೇನ್ ಬಗೆಯ ಮಾತ್ರೆಗಳು ಲಿಥಿಯಂ ಹೊರಹೋಗುವುದನ್ನು ತಡೆಯುತ್ತವೆ. ಬಿಪಿಗೆ ಕೊಡುವ ಕೆಲವು ಮಾತ್ರೆಗಳೂ, ಮೂತ್ರ ಹೆಚ್ಚಿಸುವ ಮಾತ್ರೆಗಳೂ ಹಾಗೆಯೇ. ನೋವಿದ್ದರೆ ಪ್ಯಾರಾಸಿಟಮಾಲ್ ವಾಸಿ, ಅದನ್ನೂ ಕೇಳಿಯೇ ತೆಗೆದುಕೊಳ್ಳಿ. ಉಪ್ಪನ್ನು ಒಮ್ಮೆಗೇ ಇಳಿಸುವುದೂ ಬೇಡ, ಒಮ್ಮೆಗೇ ಏರಿಸುವುದೂ ಬೇಡ. ಅಪ್ಪನವರ ಸಾರು ಬೇರೆ ತೆಗೆದಿಡಿ. ಗದ್ದೆಗೆ ನೀರಿನ ಕ್ಯಾನ್, ಮಜ್ಜಿಗೆ ಜೊತೆಯಲ್ಲೇ ಹೋಗಲಿ. ವಾಂತಿ ಭೇದಿ ಶುರುವಾದರೆ ನಾಳೆ ನೋಡೋಣ ಎನ್ನದೆ ಅಂದೇ ಆಸ್ಪತ್ರೆಗೆ ಹೋಗಿ. ಶ್ರಾವಣದ ಉಪವಾಸವಿರಲಿ, ರಂಜಾನ್ ಉಪವಾಸವಿರಲಿ, ಮೊದಲು ವೈದ್ಯರಿಗೆ ಹೇಳಬೇಕು.

ನನ್ನ ಅಂಗಡಿಯಲ್ಲಿ ಚೀಟಿ ಇಲ್ಲದೆ ನೋವಿನ ಮಾತ್ರೆ ಕೇಳುವವರನ್ನು ಬೇರೆ ಏನು ನುಂಗುತ್ತಿದ್ದೀರಿ ಎಂದು ಕೇಳಿಯೇ ಮಾತಾಡುತ್ತೇನೆ. ಕೆಲವರಿಗೆ ಸಿಟ್ಟು ಬರುತ್ತದೆ. ಬರಲಿ.

ಕೊಪ್ಪಳದ ಹಿರಿಯರು:

ಮಗಳೇ, ನಿನ್ನ ಸಂಕಟ ಅರ್ಥವಾಗುತ್ತದೆ. ಆದರೆ ನಮ್ಮ ಕಾಲದಲ್ಲಿ ಈ ಕಾಯಿಲೆಗಳ ಹೆಸರೇ ಇರಲಿಲ್ಲ. ಬೇಸರ ಬಂದರೆ ಗವಿಮಠಕ್ಕೆ ಹೋಗಿ ಕುಳಿತು ಬರುತ್ತಿದ್ದೆವು. ಮೈ ಮಾತ್ರೆಗೆ ಒಮ್ಮೆ ಒಗ್ಗಿತೆಂದರೆ ಜೀವನಪರ್ಯಂತ ಬಿಡುವುದಿಲ್ಲ. ದೇವರ ಮೇಲೆ ಭಾರ ಹಾಕಿ ನಿಧಾನಕ್ಕೆ ಬಿಡಿಸು. ಒಳ್ಳೆಯ ಹುಡುಗಿಯನ್ನು ನೋಡಿ ಮದುವೆ ಮಾಡಿದರೆ ಜವಾಬ್ದಾರಿ ತಾನಾಗಿ ಬರುತ್ತದೆ.

ಬಳ್ಳಾರಿಯ ಕಟಿಂಗ್ ಮಾಸ್ಟರ್:

ಹಿರಿಯರೇ, ನಿಮ್ಮ ಮೇಲೆ ಗೌರವವಿದೆ. ಆದರೆ ಈ ಮಾತನ್ನು ನಂಬಿ ನಾನು ಎರಡು ಬಾರಿ ಮಾತ್ರೆ ಬಿಟ್ಟಿದ್ದೇನೆ, ಎರಡು ಬಾರಿಯೂ ಬಿದ್ದಿದ್ದೇನೆ.

ನನಗೂ ಇದೇ ಕಾಯಿಲೆ. ಜೀನ್ಸ್ ಹೊಲಿಯುವ ಘಟಕದಲ್ಲಿ ಬಟ್ಟೆ ಕತ್ತರಿಸುವ ಕೆಲಸ. ಉನ್ಮಾದ ಎಂದರೆ ಹುಚ್ಚುಹುಚ್ಚಾಗಿ ಕೂಗುವುದು ಎಂದು ಜನ ತಿಳಿದಿದ್ದಾರೆ. ಶುರುವಿನಲ್ಲಿ ಅದು ಹಾಗಿರುವುದಿಲ್ಲ. ಮೈ ಹಗುರ, ಬುದ್ಧಿ ಚುರುಕು, ಎಲ್ಲರೂ ನನ್ನವರು. ಒಂದು ರಾತ್ರಿ ಎಪ್ಪತ್ತು ಪದರ ಬಟ್ಟೆಯನ್ನು ಒಮ್ಮೆಗೇ ಹಾಸಿ, ಹೊಸ ಅಳತೆಯ ನಮೂನೆ ನಾನೇ ಕಂಡುಹಿಡಿದಿದ್ದೇನೆ ಎಂದು ಸೀಮೆಸುಣ್ಣದಲ್ಲಿ ಗೆರೆ ಎಳೆದು ಕತ್ತರಿಸಿದೆ. ಬೆಳಿಗ್ಗೆ ಮಾಲೀಕರು ಬಂದು ನೋಡಿದರೆ ಒಂದು ಕಾಲು ಇನ್ನೊಂದಕ್ಕಿಂತ ಎರಡು ಇಂಚು ಗಿಡ್ಡ. ಎಪ್ಪತ್ತೂ ಹಾಗೆಯೇ. ನನಗೆ ಆಗಲೂ ತಪ್ಪು ಕಾಣಲಿಲ್ಲ, ಅವರಿಗೇ ತಿಳಿವಳಿಕೆ ಇಲ್ಲ ಎಂದು ವಾದಿಸಿದೆ. ಅದು ಇಳಿದ ಮೇಲೆ ಬಂದ ಖಿನ್ನತೆಯಲ್ಲಿ ನಾಲ್ಕು ತಿಂಗಳು ಕತ್ತರಿಯನ್ನು ಮುಟ್ಟಲಾಗಲಿಲ್ಲ. ಆ ಎಪ್ಪತ್ತು ಕಾಲುಗಳು ಕಣ್ಣ ಮುಂದೆ ತೂಗಾಡುತ್ತಿದ್ದವು.

ಒಗ್ಗುವ ವಿಷಯ. ಅಲ್ಪ್ರಜೋಲಾಮ್, ಕ್ಲೋನಾಜೆಪಾಮ್‌ನಂಥ ನಿದ್ದೆಯ, ಗಾಬರಿಯ ಮಾತ್ರೆಗಳಿಗೆ ಮೈ ಒಗ್ಗುತ್ತದೆ. ಅದಕ್ಕೇ ವೈದ್ಯರು ಅವನ್ನು ಕೆಲವೇ ದಿನಗಳಿಗೆ ಕೊಡಬೇಕು. ಲಿಥಿಯಂ ಆಗಲಿ, ಖಿನ್ನತೆಯ ಮಾತ್ರೆಯಾಗಲಿ ಚಟ ಹತ್ತಿಸುವಂಥವಲ್ಲ. ಇನ್ನೂ ಬೇಕು ಎಂದು ಯಾರೂ ಹಾತೊರೆಯುವುದಿಲ್ಲ, ನಿಜ ಹೇಳಬೇಕೆಂದರೆ ನುಂಗಲು ಬೇಸರ. ಖಿನ್ನತೆಯ ಮಾತ್ರೆಯನ್ನೂ ಒಮ್ಮೆಗೇ ಬಿಟ್ಟರೆ ತಲೆ ಸುತ್ತು, ಕಿರಿಕಿರಿ ಬರಬಹುದು, ಆದ್ದರಿಂದ ಮೆಲ್ಲಗೆ ಇಳಿಸುತ್ತಾರೆ. ಲಿಥಿಯಂನಲ್ಲಿ ನನಗೆ ಕಷ್ಟವಾದದ್ದು ಕೈಯ ಸಣ್ಣ ನಡುಕ. ಗೆರೆಯ ಮೇಲೆ ಕತ್ತರಿ ನಿಲ್ಲುತ್ತಿರಲಿಲ್ಲ. ಒಂದು ವರ್ಷ ವೈದ್ಯರಿಗೆ ಹೇಳದೆ ಕದ್ದು ಅರ್ಧ ಮಾತ್ರೆ ನುಂಗಿದೆ. ಹೇಳಿದ ದಿನ ಅವರು ಬೈಯಲಿಲ್ಲ, ಪ್ರಮಾಣ ಸರಿಮಾಡಿ ನಡುಕಕ್ಕೆ ಇನ್ನೊಂದು ಮಾತ್ರೆ ಸೇರಿಸಿದರು. ಈಗ ಗೆರೆ ಹಿಡಿದು ಕತ್ತರಿಸುತ್ತೇನೆ.

ಅಕ್ಕಾ, ಅಪ್ಪನವರು ವಿಷ ಎಂದದ್ದಕ್ಕೆ ನನ್ನ ವೈದ್ಯರು ಹೇಳಿದ್ದನ್ನು ಹೇಳಿ. 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಎಂಬ ವೈದ್ಯರು ಉನ್ಮಾದದ ರೋಗಿಗಳಿಗೆ ಲಿಥಿಯಂ ಕೊಟ್ಟು ಗುಣ ಕಂಡರು. ಆ ಕಾಲಕ್ಕೆ ರಕ್ತದಲ್ಲಿ ಅಳೆಯುವ ರೂಢಿ ಇರಲಿಲ್ಲ, ಅಮೆರಿಕದಲ್ಲಿ ಅದನ್ನು ಉಪ್ಪಿನ ಬದಲಿಗೆ ಬೇಕಾಬಿಟ್ಟಿ ಬಳಸಿ ಜನ ಸತ್ತಿದ್ದರು. ಅಳೆಯುವುದನ್ನು ಕಲಿತ ಮೇಲೆ ಅದೇ ವಸ್ತು ಔಷಧವಾಯಿತು. ಸಾಯುವ ಯೋಚನೆಯಿಂದ ಜನರನ್ನು ಉಳಿಸುವುದರಲ್ಲಿ ಇದರಷ್ಟು ಪುರಾವೆ ಇರುವ ಮಾತ್ರೆಗಳು ಕಡಿಮೆ. ನನ್ನನ್ನು ಉಳಿಸಿದೆ.

ನಿವೃತ್ತ ಆರೋಗ್ಯ ಸಹಾಯಕ, ಹಡಗಲಿ ಕಡೆ:

ನಮ್ಮ ಕಾಲದಲ್ಲಿ ಹೆಸರಿರಲಿಲ್ಲ ಎಂದಿದ್ದಾರೆ ಹಿರಿಯರು. ಹೆಸರಿರಲಿಲ್ಲ, ಜನರಿದ್ದರು. ನಾನು ನೌಕರಿಗೆ ಸೇರಿದ ಹೊಸದರಲ್ಲಿ ಒಂದು ಊರಿನ ದನದ ಕೊಟ್ಟಿಗೆಯಲ್ಲಿ ಕಂಬಕ್ಕೆ ಕಟ್ಟಿದ್ದ ಯುವಕನನ್ನು ಕಂಡಿದ್ದೇನೆ. ಕಾಲಿಗೆ ಎತ್ತಿನ ಸರಪಳಿ. ಪಾದದ ಗಂಟಿನ ಸುತ್ತ ಚರ್ಮ ಕಪ್ಪಾಗಿ ಗಟ್ಟಿಯಾಗಿತ್ತು. ಅವನ ತಾಯಿ ದಿನಾ ಅಲ್ಲಿಗೆ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದಳು. ಕಟ್ಟಿದವಳೂ ಅವಳೇ. ಬಿಟ್ಟರೆ ಬಾವಿಗೆ ಬೀಳುತ್ತಾನೆ ಎಂಬ ಹೆದರಿಕೆ ಅವಳಿಗೆ.

ಆಗ ಈ ಕಡೆಯವರಿಗೆ ಇದ್ದದ್ದು ಧಾರವಾಡದ ಮಾನಸಿಕ ಆಸ್ಪತ್ರೆ, ಇಲ್ಲವೇ ಬೆಂಗಳೂರಿನದು. "ಧಾರವಾಡಕ್ಕೆ ಕಳಿಸಬೇಕು" ಎಂಬುದು ಬೈಗುಳವೇ ಆಗಿತ್ತು. 1985ರಲ್ಲಿ ನಿಮ್ಹಾನ್ಸ್ ಸಂಸ್ಥೆ ನಮ್ಮ ಬಳ್ಳಾರಿ ಜಿಲ್ಲೆಯನ್ನು, ಅಂದರೆ ಇಂದಿನ ವಿಜಯನಗರ ಜಿಲ್ಲೆಯೂ ಸೇರಿದ್ದ ಅಖಂಡ ಜಿಲ್ಲೆಯನ್ನು, ಆಯ್ದುಕೊಂಡಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ನಮ್ಮಂಥ ಕಾರ್ಯಕರ್ತರಿಗೂ ತರಬೇತಿ ಕೊಟ್ಟರು. ಮಲೇರಿಯಾಕ್ಕೆ ರಕ್ತ ತೆಗೆಯಲು ಮನೆಮನೆಗೆ ಹೋಗುತ್ತಿದ್ದ ನಾವು ಆಮೇಲೆ ಕೇಳತೊಡಗಿದೆವು: ಮನೆಯಲ್ಲಿ ಯಾರಾದರೂ ಮಾತು ಬಿಟ್ಟಿದ್ದಾರೆಯೇ, ನಿದ್ದೆ ಬಿಟ್ಟಿದ್ದಾರೆಯೇ, ಊಟ ಬಿಟ್ಟಿದ್ದಾರೆಯೇ? ಕೆಲವೇ ಬಗೆಯ ಮಾತ್ರೆ, ಒಂದು ಸರಳ ದಾಖಲೆ ಪುಸ್ತಕ, ತಿಂಗಳಿಗೊಮ್ಮೆ ಮನೆ ಭೇಟಿ. ಅಷ್ಟರಿಂದಲೇ ಎಷ್ಟೋ ಜನ ಹೊಲಕ್ಕೆ ಮರಳಿದರು. ಇದನ್ನೇ ಬಳ್ಳಾರಿ ಮಾದರಿ ಎಂದು ಕರೆದು, 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರು ಮಾಡಿದರು. ದೇಶಕ್ಕೆ ದಾರಿ ತೋರಿಸಿದ ನೆಲದಲ್ಲಿ ಇಂದಿಗೂ ತಾಯತ ಕಟ್ಟಿಸಿ ವರ್ಷಗಳನ್ನು ಕಳೆಯುತ್ತಾರಲ್ಲ ಎಂದು ನನಗೆ ಹೊಟ್ಟೆ ಉರಿಯುತ್ತದೆ.

ಈಗ ದೂರ ಹೋಗಬೇಕಿಲ್ಲ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ, ಮನೋರೋಗ ವಿಭಾಗವಿದೆ. ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ ಮನೋಚೈತನ್ಯ ಕಾರ್ಯಕ್ರಮವೂ ಇದೆ, ನಿಮ್ಮಲ್ಲಿ ಯಾವ ವಾರ ಬರುತ್ತಾರೆ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಮಂಗಳವಾರ ಹುಲಿಗಿಗೆ ಹೋಗುವವರು ಹೋಗಿ ಬನ್ನಿ, ಆಸ್ಪತ್ರೆಯನ್ನೂ ಮುಗಿಸಿ ಬನ್ನಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಬಂದ ಮೇಲೆ ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದು ನಿಷಿದ್ಧ. ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಕಾಣಬೇಕು, ಶಿಕ್ಷಿಸಬಾರದು ಎಂದೂ ಅದರಲ್ಲಿದೆ. ಪೊಲೀಸ್ ಕೇಸಿನ ಭಯದಿಂದ ಆಸ್ಪತ್ರೆಗೆ ತರದೆ ಜೀವ ಕಳೆದುಕೊಂಡವರನ್ನು ನಾನು ಕಂಡಿದ್ದೇನೆ. ಈ ಮಾತು ಎಲ್ಲರಿಗೂ ತಿಳಿಯಲಿ.

ರಾಯಚೂರಿನ ಸೊಸೆ:

ಮದುವೆ ಮಾಡಿದರೆ ಸರಿಹೋಗುತ್ತದೆ ಎಂದವರಿಗೆ. ನನಗೆ ಈ ಕಾಯಿಲೆ ಇರುವುದನ್ನು ತವರಿನವರು ಮುಚ್ಚಿಟ್ಟು ಮದುವೆ ಮಾಡಿದರು. ಗಂಡನ ಮನೆಯಲ್ಲಿ ಮಾತ್ರೆಯನ್ನು ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟು ನುಂಗುತ್ತಿದ್ದೆ, ಆಮೇಲೆ ಅದನ್ನೂ ಬಿಟ್ಟೆ. ಹೆರಿಗೆಯಾದ ಐದನೆಯ ದಿನ ನನಗೆ ಮಗು ಯಾರದೆಂದೇ ತಿಳಿಯಲಿಲ್ಲ. ಬಾಣಂತಿ ಸನ್ನಿ ಎಂದರು. ಬೈಪೋಲಾರ್ ಇದ್ದವರಿಗೆ ಹೆರಿಗೆಯ ನಂತರದ ವಾರಗಳು ಅತಿ ಅಪಾಯದವು ಎಂದು ಮೊದಲೇ ಗೊತ್ತಿದ್ದರೆ ವೈದ್ಯರು ಕಾಯುತ್ತಿದ್ದರು. ಗಂಡ ಒಳ್ಳೆಯವರು. ಮುಚ್ಚಿಟ್ಟದ್ದಕ್ಕೆ ಅವರಿಗೆ ಬಂದ ನೋವು ಕಾಯಿಲೆಯದಕ್ಕಿಂತ ಹೆಚ್ಚು.

ಹೆಣ್ಣುಮಕ್ಕಳಿಗೆ ಇನ್ನೊಂದು ಮಾತು. ಈ ಕಾಯಿಲೆಗೆ ಕೊಡುವ ವಾಲ್ಪ್ರೊಯೇಟ್ ಎಂಬ ಮಾತ್ರೆ ಗರ್ಭದಲ್ಲಿರುವ ಮಗುವಿನ ಬೆನ್ನುಹುರಿಗೆ, ಬುದ್ಧಿಯ ಬೆಳವಣಿಗೆಗೆ ಹಾನಿ ಮಾಡಬಹುದು. ಮಗು ಬೇಕೆಂದುಕೊಂಡ ದಿನವೇ ವೈದ್ಯರ ಬಳಿ ಹೋಗಿ, ಬೇರೆ ಮಾತ್ರೆಗೆ ಬದಲಿಸುತ್ತಾರೆ. ಗರ್ಭ ನಿಂತ ಮೇಲೆ ಹೆದರಿ ತಾವಾಗಿಯೇ ಬಿಡುವುದು ಎಲ್ಲಕ್ಕಿಂತ ಕೆಟ್ಟದ್ದು.

ಕುಷ್ಟಗಿಯ ತಾಯಿ (ಮಗಳ ಕೈಯಲ್ಲಿ ಬರೆಸಿದ್ದು):

ನಮ್ಮ ಮಗನಿಗೆ ಕಾಯಿಲೆ ಮರುಕಳಿಸುವುದು ಗುಳೆ ಹೋದಾಗ. ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಹೋಗುತ್ತೇವೆ, ಒಯ್ದ ಮಾತ್ರೆ ತಿಂಗಳಿಗೆ ಮುಗಿಯುತ್ತದೆ, ಶೆಡ್ಡಿನಿಂದ ಆಸ್ಪತ್ರೆಗೆ ಹೋದರೆ ಒಂದು ದಿನದ ಕೂಲಿ ಹೋಗುತ್ತದೆ. ಹೋದ ವರ್ಷದಿಂದ ಹಳೆಯ ಚೀಟಿಗಳನ್ನೆಲ್ಲ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಟ್ರಂಕಿನ ಮುಚ್ಚಳದ ಒಳಗೆ ಅಂಟಿಸಿದ್ದೇವೆ. ಮಾತ್ರೆ ಮುಗಿಯುವ ವಾರ ಮಗಳು 14416ಕ್ಕೆ ಫೋನ್ ಮಾಡಿದಳು. ಟೆಲಿ ಮಾನಸ್ ಅಂತೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಿದರು, ಹತ್ತಿರದ ಸರ್ಕಾರಿ ಆಸ್ಪತ್ರೆ ಯಾವುದು ಎಂದು ಹೇಳಿದರು. ರಾತ್ರಿ ಹನ್ನೊಂದಕ್ಕೂ ಎತ್ತುತ್ತಾರೆ.

ಹೊಸಪೇಟೆಯ ಓದುಗ:

ಒಂದು ಸಂದೇಹ. ಅತ್ತೆಯವರಿಗೆ ತೀವ್ರ ಖಿನ್ನತೆ. ಹನ್ನೆರಡು ದಿನದಿಂದ ನೀರು ಕೂಡ ಸರಿಯಾಗಿ ಕುಡಿಯುತ್ತಿಲ್ಲ. ವೈದ್ಯರು ಕರೆಂಟ್ ಕೊಡಬೇಕು (ಮೆದುಳಿಗೆ ವಿದ್ಯುತ್ ಚಿಕಿತ್ಸೆ) ಎಂದಿದ್ದಾರೆ. ಮನೆಯವರೆಲ್ಲ ಅಳುತ್ತಿದ್ದಾರೆ. ಒಪ್ಪಬಹುದೇ?

ಮಾನ್ವಿಯ ಮಗಳು:

ನನ್ನ ಅವ್ವನಿಗೆ ಕೊಡಿಸಿದ್ದೇವೆ. ನಾನೂ ಅತ್ತಿದ್ದೆ. ಸಿನಿಮಾದಲ್ಲಿ ತೋರಿಸುವಂತೆ ಎಚ್ಚರವಿರುವಾಗ ಕೈಕಾಲು ಕಟ್ಟಿ ಕೊಡುವುದಿಲ್ಲ. ಅರಿವಳಿಕೆಯನ್ನೂ ಸ್ನಾಯು ಸಡಿಲಿಸುವ ಔಷಧವನ್ನೂ ಕೊಡದೆ ಮಾಡುವಂತಿಲ್ಲ ಎಂದು ಅದೇ 2017ರ ಕಾಯ್ದೆಯಲ್ಲಿದೆ. ಬಾಗಿಲ ಹೊರಗೆ ನಿಂತಿದ್ದೆ, ಅರ್ಧ ಗಂಟೆಯೊಳಗೆ ಕರೆದರು, ಅವ್ವ ಮಗುವಿನಂತೆ ಮಲಗಿದ್ದಳು. ನಾಲ್ಕನೆಯ ಸಲ ಆದ ಮೇಲೆ ಎದ್ದು "ಚಹಾ ಬೇಕು" ಎಂದಳು. ಮೂರು ವಾರದಲ್ಲಿ ಅವಳು ಏನನ್ನಾದರೂ ಬೇಕು ಎಂದು ಕೇಳಿದ್ದು ಅದೇ ಮೊದಲು. ಆ ದಿನಗಳ ನೆನಪು ಅವಳಿಗೆ ಸರಿಯಾಗಿಲ್ಲ, ಮೊಮ್ಮಗನ ತೊಟ್ಟಿಲಿಗೆ ಹೋದದ್ದನ್ನು ಮರೆತಿದ್ದಾಳೆ. ಅದನ್ನೂ ಹೇಳಬೇಕು, ಅದಕ್ಕೇ ಹೇಳುತ್ತಿದ್ದೇನೆ. ಊಟ ನೀರು ಬಿಟ್ಟವರಲ್ಲಿ ಮಾತ್ರೆ ಕೆಲಸ ಮಾಡಲು ಬೇಕಾದ ವಾರಗಳನ್ನು ಕಾಯಲು ಸಮಯವಿರುವುದಿಲ್ಲ. ನೀವು ತಡಮಾಡಬೇಡಿ.

ಇನ್ನೊಂದು, ಮನೆಯಲ್ಲಿ ಹೊಲಕ್ಕೆ ಹೊಡೆಯುವ ಎಣ್ಣೆ (ಕೀಟನಾಶಕ) ಇದ್ದರೆ ಇಂದೇ ಬೇರೆಯವರ ಮನೆಗೆ ಸಾಗಿಸಿ. ಬದುಕುವುದು ಸಾಕೆನಿಸಿದೆಯೇ ಎಂದು ಅವರನ್ನು ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎಂಬುದು ತಪ್ಪು. ನನ್ನ ಅವ್ವ ಯಾರಾದರೂ ಕೇಳಲಿ ಎಂದೇ ಕಾಯುತ್ತಿದ್ದಳು.

ಸಿಂಧನೂರಿನ ಶಿಕ್ಷಕಿ:

ಎಲ್ಲರಿಗೂ ಕೃತಜ್ಞಳು. ಮೂರು ವಾರದ ನಂತರ ಬರೆಯುತ್ತಿದ್ದೇನೆ. ವೈದ್ಯೆಗೆ ಉಪ್ಪಿನ ವಿಷಯವನ್ನೂ ನೋವಿನ ಮಾತ್ರೆಯ ವಿಷಯವನ್ನೂ ಹೇಳಿದೆವು. ಅವರು ಚೀಟಿಯ ಮೇಲೆ ಕೆಂಪು ಶಾಯಿಯಲ್ಲಿ ಬರೆದುಕೊಟ್ಟರು. ಮೊನ್ನೆಯ ಪರೀಕ್ಷೆಯಲ್ಲಿ 0.7 ಬಂದಿದೆ. ಅಪ್ಪನನ್ನೂ ಕರೆದೊಯ್ದಿದ್ದೆ. ಕಟಿಂಗ್ ಮಾಸ್ಟರ್ ಅಣ್ಣನವರು ಬರೆದದ್ದನ್ನು ಬಸ್ಸಿನಲ್ಲಿ ಅವರಿಗೆ ಓದಿ ಹೇಳಿದೆ. ಏನೂ ಮಾತಾಡಲಿಲ್ಲ. ಇಳಿಯುವಾಗ "ಆ ಹುಡುಗನ ಕೆಲಸ ಹೋಯಿತೇ?" ಎಂದಷ್ಟೇ ಕೇಳಿದರು. ಇಲ್ಲ, ಈಗಲೂ ಕತ್ತರಿಸುತ್ತಾರೆ ಎಂದೆ.

ಕೊಪ್ಪಳದ ಹಿರಿಯರೇ, ನಾವು ಹುಲಿಗಿಗೂ ಹೋಗುತ್ತೇವೆ, ಮಾತ್ರೆಯನ್ನೂ ಬಿಡುವುದಿಲ್ಲ. ಮದುವೆಯ ಮಾತು ಬಂದಾಗ ಹುಡುಗಿಗೂ ಅವರ ಮನೆಯವರಿಗೂ ಎಲ್ಲವನ್ನೂ ಹೇಳಿಯೇ ಮುಂದುವರಿಯುತ್ತೇವೆ. ತಮ್ಮನೂ ಅದನ್ನೇ ಹೇಳಿದ.

ರಾತ್ರಿ ನೀರಿನ ಸರದಿಯನ್ನು ಈಗ ಚಿಕ್ಕಪ್ಪನ ಮಗ ನೋಡಿಕೊಳ್ಳುತ್ತಾನೆ. ಅವನ ಹಗಲಿನ ಕೆಲಸದಲ್ಲಿ ಅಷ್ಟನ್ನು ತಮ್ಮ ಮಾಡಿಕೊಡುತ್ತಾನೆ. ಅವ್ವನಿಗೆ ಅಕ್ಷರ ಬರುವುದಿಲ್ಲ, ಆದರೆ ಗೋಡೆಯ ಕ್ಯಾಲೆಂಡರಿನಲ್ಲಿ ದಿನಾ ಬೆಳಿಗ್ಗೆ ಒಂದು ಗುರುತು ಹಾಕುತ್ತಾಳೆ: ಪೂರ್ತಿ ನಿದ್ದೆ ಮಾಡಿದ್ದರೆ ಪೂರ್ತಿ ಸೊನ್ನೆ, ಅರ್ಧ ರಾತ್ರಿಗೆ ಎದ್ದಿದ್ದರೆ ಅರ್ಧ ಸೊನ್ನೆ. ಎರಡು ಅರ್ಧ ಒಟ್ಟಿಗೆ ಬಂದರೆ ನನಗೆ ಫೋನ್ ಮಾಡಬೇಕೆಂದು ಹೇಳಿದ್ದೇನೆ. ಈ ತಿಂಗಳು ಒಂದೇ ಅರ್ಧವಿದೆ, ಅದು ಮಳೆ ಗುಡುಗಿದ ರಾತ್ರಿ. ಅಂದು ಊರಿನಲ್ಲಿ ಯಾರೂ ಮಲಗಿರಲಿಲ್ಲ.